ಒತ್ತು

ಮಂಡಿಪೇಟೆಯ ಮೆಕ್ಕೆಜೋಳದ ಗೋದಾಮಿನ ಮೇಲೆ
ಹದಿನೇಳು ಮೆಟ್ಟಿಲು. ನಮ್ಮ ಟ್ರಸ್ಟಿನ ಕಚೇರಿ ಅಲ್ಲಿ.
ಒಂದು ಮೇಜು, ಶ್ರುತಿ ಕೆಟ್ಟ ಎರಡು ಹಾರ್ಮೋನಿಯಂ,
ರಸೀದಿ ಪುಸ್ತಕ, ನಾನು.
ಕಣ್ಣಿಲ್ಲದ ತಬಲಾದವರು, ಸೊಂಟ ಬಿದ್ದ ಹಾಡುಗಾರರು
ಮೇಲೆ ಬರುವಾಗ ಮೆಟ್ಟಿಲಿನ ಸದ್ದಿನಲ್ಲೇ
ಯಾರೆಂದು ಗುರುತು ಹಿಡಿಯುತ್ತೇನೆ.

ಓಲಗದ ದುರುಗಪ್ಪನ ಹೆಜ್ಜೆಗೆ ಮಾತ್ರ ಸದ್ದಿರಲಿಲ್ಲ.
ಬಲಗೈಯ ಕೊನೆಯ ಎರಡು ಬೆರಳು
ಜಿನ್ನಿಂಗ್ ಮಿಲ್ಲಿಗೆ ಸಂದು ಇಪ್ಪತ್ತು ವರ್ಷ.
'ಹತ್ತಿ ಬೆಳ್ಳಗಿರುತ್ತೆ ಅಂತೀರಿ,
ಅವತ್ತಿನ ಅಂಡಿಗೆ ನೀವು ನೋಡಿಲ್ಲ' ಅಂದ.
ಆಮೇಲೆ ತಮ್ಮ ನುಡಿಸುವಾಗ ಪಕ್ಕದಲ್ಲಿ ಒತ್ತು ಹಿಡಿದ,
ಇಡೀ ಮದುವೆಗೆ ಒಂದೇ ಸ್ವರ.
ಬ್ಯಾಂಡ್‌ಸೆಟ್ಟು ಬಂತು. ಅದೂ ಬೇಡವಾಯಿತು.

ದೂರದ ಆರ್ಮೇನಿಯಾದಲ್ಲಿ ನಮ್ಮಂಥದೇ ಒಂದು ಟ್ರಸ್ಟಿದೆ,
ತಮ್ಮ ನಾಡಿನ ರಾಗಗಳನ್ನೂ ಮುಕ್ಕಾದ ಮೈಯ ವಾದಕರನ್ನೂ
ಒಂದೇ ಹುಂಡಿಯಿಂದ ಸಾಕುತ್ತದೆ.
ಬರೆದೆ. ಉತ್ತರ ಬಂತು:
ಆತನ ಕೈ ಕಳಿಸಿ.

ಕೆಟ್ಟ ರಸೀದಿಯೊಂದರ ಬೆನ್ನಮೇಲೆ ಅವನ ಅಂಗೈ ಇಟ್ಟು
ಸುತ್ತ ಪೆನ್ಸಿಲ್ ಓಡಿಸಿದೆ.
ಇಲ್ಲದ ಬೆರಳುಗಳ ಹತ್ತಿರ ಪೆನ್ಸಿಲ್ ನಿಂತಿತು.
'ಅವನ್ನೂ ಬರೀರಿ ಮೇಡಂ,
ಚಳಿಗಾಲದಾಗೆ ಇನ್ನೂ ನೋಯ್ತಾವೆ.'
ಚುಕ್ಕಿ ಚುಕ್ಕಿಯಾಗಿ ಬರೆದೆ.

ಎಂಟು ತಿಂಗಳು.
ಎರಡು ಅರ್ಜಿ, ಒಂದು ಅಫಿಡವಿಟ್ಟು,
'ಇದು ಸಂಗೀತಕ್ಕೆ, ಮಾರಾಟಕ್ಕಲ್ಲ' ಅಂತ ಮೂರು ಸಹಿ.
ಪೆಟ್ಟಿಗೆಯಲ್ಲಿ ಉಣ್ಣೆ ಸುತ್ತಿದ ಎರಡು ಕೊಳವೆ,
ದುದುಕ್ ಅಂತ ಅದರ ಹೆಸರು,
ಬಾತುಕೋಳಿಯ ಕೊಕ್ಕಿನ ಹಾಗೆ ಅಗಲ ಪೀಪಿ.
ಒಂದರ ತೂತುಗಳು ಸಾಲು ಬಿಟ್ಟು ಓರೆಯಾಗಿ ಸರಿದು
ಉಳಿದ ಬೆರಳು ಎಲ್ಲಿ ತಲುಪುತ್ತವೋ ಅಲ್ಲಿ ಕಾದಿದ್ದವು.
ಚುಕ್ಕಿಗಳಿದ್ದ ಕಡೆ ಎರಡು ಪುಟ್ಟ ಹಿತ್ತಾಳೆ ಕೀಲಿ.

ಕಾಗದದ ತುಂಬ ಅವರ ಲಿಪಿ:
ಕೊಕ್ಕೆ, ಕುಣಿಕೆ, ಕುಡುಗೋಲು. ಒಂದೂ ತಿಳಿಯಲಿಲ್ಲ.
ತಳದಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು:
ನಾನು ವಾರ್ತಾನ್. ನೆಲ ನಡುಗಿದ ವರ್ಷ
ಗ್ಯುಮ್ರಿಯಲ್ಲಿ ಒಂದು ಕಾಲು ಬಿಟ್ಟುಬಂದೆ.
ಮರ ಜರ್ದಾಳಿನದು. ಎರಡನೆಯದು ಜೊತೆಗಾರನಿಗೆ.
ಒಂದು ಸ್ವರ ಸಾಕು. ಬಿಡಬಾರದು, ಅಷ್ಟೆ.

ಜರ್ದಾಳು ಅಂದರೇನೆಂದು ದುರುಗಪ್ಪನಿಗೆ ತೋರಿಸಲು
ಒಣಹಣ್ಣಿನ ಅಂಗಡಿಯಿಂದ ಐವತ್ತು ರೂಪಾಯಿಯಷ್ಟು ತಂದೆ.
(ವೋಚರ್ ಇದೆ.)
ಅಗಿದ. ಕೊಳವೆ ಮೂಸಿದ.
'ಮೊದಲು ಹುಳಿ, ಆಮೇಲೆ ಸಿಹಿ.
ದನೀನೂ ಹಂಗೇ ಇರಬೇಕು.'
ಬೀಜ ಉಗುಳದೆ ಜೇಬಿಗೆ ಹಾಕಿಕೊಂಡ.

ಒತ್ತು ಯಾರು ಹಿಡಿಯೋದು?
ತಮ್ಮ ಈಗ ಹರಿಹರದಲ್ಲಿ ಆಟೋ ಓಡಿಸುತ್ತಾನೆ.
ದುರುಗಪ್ಪ ನನ್ನನ್ನು ನೋಡಿದ.
ಎಡಗಾಲಿನ ಕ್ಯಾಲಿಪರ್ ಮೇಜಿಗೆ ತಗುಲಿ ಟಣ್ ಅಂದಿತು.
ಹೆಂಗಸು, ಪೋಲಿಯೋ, ಲೆಕ್ಕದವಳು, ನನಗೆಲ್ಲಿಯ ಓಲಗ?
'ಹದಿನೇಳು ಮೆಟ್ಟಿಲು ದಿನಾ ಹತ್ತೋ ಉಸಿರು ನಿಮ್ದು.
ಸಾಕು.'

ಸಣ್ಣವಳಿದ್ದಾಗ ಸ್ಲೇಟಿನ ಮೇಲೆ
ಒತ್ತಕ್ಷರ ಕೊಡದೆ ಬರೆದು ಏಟು ತಿಂದಿದ್ದೆ.
ಅಪ ಅಲ್ಲವೇ ಅಪ್ಪ, ಅಮ ಅಲ್ಲವೇ ಅಮ್ಮ!
ಅಜ್ಜಿ, ಅಕ್ಕ, ಅಣ್ಣ:
ಕೆಳಗೊಂದು ಒತ್ತಿಲ್ಲದೆ ನಮ್ಮಲ್ಲಿ ಯಾವ ನಂಟು ನಿಂತಿದೆ?

ಕೆನ್ನೆಯನ್ನೇ ತಿದಿ ಮಾಡಿ
ಬಾಯಲ್ಲಿ ಬಿಡುವಾಗ ಮೂಗಲ್ಲಿ ಎಳೆದೆ.
ಹರಿಯಿತು. ಕೆಮ್ಮು. ಮತ್ತೆ ಹಿಡಿದೆ.
ಅವನು ಮೇಲೆ ನಡೆದ, ನಿಧಾನ,
ಓರೆ ತೂತುಗಳ ಮೇಲೆ ಮೂರು ಬೆರಳಿನ ಹೆಜ್ಜೆ,
ಧಾರೆಯ ಹೊತ್ತಿನ ಹಳೆಯ ರಾಗವೋ
ಆ ಮರಕ್ಕೆ ಮೊದಲೇ ಗೊತ್ತಿದ್ದುದೋ,
ಹೇಳಲಾರೆ; ನನ್ನದು ಒಂದೇ ಸ್ವರ,
ನಾನು ಅದರೊಳಗಿದ್ದೆ.

ಕೆಳಗೆ ಚೀಲ ಎಣಿಸುತ್ತಿದ್ದ ಹಮಾಲರು
ನಲವತ್ತೆರಡಕ್ಕೆ ನಿಂತು ಕೂಗಿದರು,
'ಯಾರ ಮನೇಲಿ ಸಾವ್ರೀ?'
ದುರುಗಪ್ಪ ಪೀಪಿ ತೆಗೆಯದೆ ತಲೆ ಅಲ್ಲಾಡಿಸಿದ,
ಅವರಿಗೆಲ್ಲಿ ಕಾಣಬೇಕು.

ದಾಸ್ತಾನು ಪುಸ್ತಕದಲ್ಲಿ ಬರೆದಿದ್ದೇನೆ:
ವಾದ್ಯ, ಮರದ್ದು, ಎರಡು.
ಮೌಲ್ಯದ ಕಾಲಂ ಖಾಲಿ.
ಆಡಿಟರು ಸೋಮವಾರ ಬರುತ್ತಾರೆ.